ಮೂರನೆಯ ಗ್ಲಾಸಿಗೆ ಬಂದ ಕಣ್ಣೀರು

'ವಿಸ್ಕಿ ಗ್ಲಾಸಿನಲ್ಲಿದೆ ಸಾರ್. ನನ್ನ ಮುಖದ ಮೇಲಲ್ಲ!'

ಹೀಗೆಂದು ಅವಳು ಹೇಳಿದ್ದು ಮನಸ್ಸಿನಲ್ಲೇ. ಬಾಯಿಬಿಟ್ಟು ಹೇಳಿದ್ದರೆ ಆವತ್ತೇ ಕೆಲಸಕ್ಕೆ ಸಂಚಕಾರ ಬರುತ್ತಿತ್ತು. ಆದರೂ ಕಣ್ಣಲ್ಲೇ ಸುಟ್ಟುಬಿಡುವ ಹಾಗೆ ಒಂದು ನೋಟ ಬೀರಿದಳು. ಅವನು ಕದಲಲಿಲ್ಲ. ಮೇಜಿನ ಆ ತುದಿಯಲ್ಲಿ ಕೈಕಟ್ಟಿ ಕುಳಿತು, ರೆಪ್ಪೆ ಬಡಿಯದೆ ಅವಳನ್ನೇ ನೋಡುತ್ತಿದ್ದ.

'ಥೂ! ದೊಡ್ಡ ಮನುಷ್ಯ ಅಂತೆ... ದೊಡ್ಡ ಮೂಗು ಅಂತೆ. ಬಂದು ಐದು ನಿಮಿಷ ಆಗಿಲ್ಲ, ಬುದ್ಧಿ ತೋರಿಸ್ತಿದ್ದಾನೆ ನೋಡು.'

ಎರಡನೇ ಮಹಡಿಯ ಆ ಕೋಣೆಗೆ ಕಂಪನಿಯವರು ರುಚಿಕೋಣೆ ಎಂದು ಹೆಸರಿಟ್ಟಿದ್ದರು. ಬಿಳಿ ಗೋಡೆ, ಬಿಳಿ ಮೇಜು, ಪ್ರತಿ ಕುರ್ಚಿಯ ಪಕ್ಕ ಉಗುಳಲು ಒಂದೊಂದು ಸ್ಟೀಲ್ ಡಬ್ಬ. ಸ್ಕಾಟ್ಲೆಂಡಿನಿಂದ ಸಿಂಗಲ್ ಮಾಲ್ಟ್ ವಿಸ್ಕಿಯ ಸ್ಯಾಂಪಲ್‌ಗಳು ಚಿಕ್ಕ ಚಿಕ್ಕ ಬಾಟಲಿಯಲ್ಲಿ ಬರುತ್ತಿದ್ದವು, ಒಂದೊಂದು ಪೀಪಾಯಿಯಿಂದ ಒಂದೊಂದು. ಮೇಜಿನ ಸುತ್ತ ಕೂತ ಮಹನೀಯರು ಮೂಸಿ, ಬಾಯಲ್ಲಿ ಹೊರಳಿಸಿ, ಉಗುಳಿ, 'ಇದು ಇರಲಿ' ಅಂದ ಪೀಪಾಯಿಯನ್ನು ಕಂಪನಿ ಕೊಂಡುಕೊಳ್ಳುತ್ತಿತ್ತು.

ಮಹನೀಯರು ಅಂದೆನಲ್ಲ, ಅವರನ್ನೂ ಒಮ್ಮೆ ನೋಡಿಬಿಡಿ. ಒಬ್ಬರು ಯಜಮಾನರು. ಇನ್ನೊಬ್ಬ ಅವರ ಭಾವಮೈದ. ಅಕ್ಕನನ್ನು ಯಜಮಾನರಿಗೆ ಕೊಟ್ಟದ್ದು ಬಿಟ್ಟರೆ ಆ ಕುರ್ಚಿಗೆ ಅವನಿಗೆ ಬೇರೆ ಅರ್ಹತೆ ಇರಲಿಲ್ಲ. ಮೂರನೆಯವರು ನಿವೃತ್ತ ಹಲ್ಲಿನ ಡಾಕ್ಟರ್. ನಲವತ್ತು ವರ್ಷ ಕಂಡವರ ಬಾಯಿಯ ವಾಸನೆ ಕುಡಿದ ಮೂಗು ಈಗ ವಿಸ್ಕಿಯ ಒಳಗುಟ್ಟು ಹೇಳಲು ಹೊರಟಿತ್ತು.

ಇವರ ನಡುವೆ ನಮ್ಮ ಹುಡುಗಿ. ಹುಡುಗಿ ಅಂದರೂ ಮೂವತ್ತೊಂದು ತುಂಬಿತ್ತು. ಎಂಟು ವರ್ಷದಿಂದ ಆ ಕೋಣೆಯ ಗ್ಲಾಸ್ ತೊಳೆದು, ಒರೆಸಿ, ಸಾಲಾಗಿ ಜೋಡಿಸಿ, ವಿಸ್ಕಿ ಸುರಿಯುವವಳು ಅವಳೇ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು 'ಗ್ಲಾಸಮ್ಮ'.

ಆ ಕೋಣೆಗೆ ಒಂದು ನಿಯಮವಿತ್ತು. ಸುರಿದವರು ಮೊದಲು ಮೂಸಬೇಕು. ಗ್ಲಾಸಿಗೆ ಸೋಪಿನ ವಾಸನೆ ಉಳಿದಿದ್ದರೆ, ಕಪಾಟಿನ ಮರದ ವಾಸನೆ ಹಿಡಿದಿದ್ದರೆ ಎಂಥ ವಿಸ್ಕಿಯೂ ಕೆಟ್ಟಂತೆಯೇ. ಅದಕ್ಕೇ ಅವಳು ಪ್ರತಿ ಗ್ಲಾಸನ್ನೂ ಎತ್ತಿ ಮೂಸಿ, ಸರಿಯಿದ್ದರೆ ಮೇಲೊಂದು ಗಾಜಿನ ಮುಚ್ಚಳ ಇಡಬೇಕು. ಆದರೆ ಒಳಗಿನ ವಿಸ್ಕಿ ಹೇಗಿದೆ ಎಂದು ತುಟಿ ಪಿಟಕ್ಕೆನ್ನಬಾರದು! ಕೂತವರ ಅಭಿಪ್ರಾಯ ಕೆಡುತ್ತದಂತೆ. ಆ ಅಭಿಪ್ರಾಯಗಳಲ್ಲಿ ಕೆಡಲು ಉಳಿದಿದ್ದಾದರೂ ಏನು ಎಂದು ಅವಳು ಎಷ್ಟೋ ಸಲ ಯೋಚಿಸಿದ್ದಳು.

ನಿಯಮ ಮಾಡಿದವರು ಹಳೆಯ ಮೇಷ್ಟ್ರು, ಮೊದಲಿದ್ದ ಮುಖ್ಯ ರುಚಿಗಾರರು. ನಿವೃತ್ತರಾಗುವಾಗ ಯಜಮಾನರ ಬಳಿ, "ನನ್ನ ಕುರ್ಚಿ ಆ ಹುಡುಗಿಗೆ ಕೊಡಿ. ನನಗಿಂತ ಚುರುಕು ಮೂಗು ಅವಳದು" ಅಂದಿದ್ದರು.

ಯಜಮಾನರು ಹೊಟ್ಟೆ ಕುಲುಕಿಸಿ ನಕ್ಕಿದ್ದರು. "ಗ್ಲಾಸ್ ತೊಳೆಯೋಳಿಗಾ?"

ಆ ನಗು ಬಾಗಿಲಾಚೆ ನಿಂತಿದ್ದ ಅವಳ ಕಿವಿಗೂ ಬಿದ್ದಿತ್ತು. ಆ ಕುರ್ಚಿಗೆ ಹೊರಗಿನಿಂದ ಕರೆತಂದು ಕೂರಿಸಿದ ಆಸಾಮಿಯೇ ಈಗ ಅವಳನ್ನು ಪಿಳಿಪಿಳಿ ನೋಡುತ್ತಿದ್ದವನು. ಏನೇನೋ ಬಹುಮಾನ ಗೆದ್ದವನಂತೆ. ಅವಳು ಆ ಕ್ಷಣವೇ ಅವನಿಗೆ ಹೆಸರಿಟ್ಟಳು, ಮೂಗುದೊರೆ.

ಆವತ್ತು ನಾಲ್ಕು ಗ್ಲಾಸ್. ಮುಚ್ಚಳ ತೆಗೆದು ಎಲ್ಲರೂ ಮೂಸಿದರು.

"ಆಹಾ... ಹಳೇ ಗ್ರಂಥಾಲಯ! ಸಂಜೆ ಬಿಸಿಲು! ಒಂಟಿ ಕುರ್ಚಿ!" ಡಾಕ್ಟರ್ ಕಣ್ಣು ಮುಚ್ಚಿದರು. ಬದುಕಿನಲ್ಲಿ ಅವರು ಗ್ರಂಥಾಲಯದ ಮೆಟ್ಟಿಲು ಹತ್ತಿದ್ದು ಯಾರಿಗೂ ಗೊತ್ತಿಲ್ಲ.

"ನನಗೆ ಕುದುರೆ ಜೀನು ಸಿಗ್ತಿದೆ ಭಾವ," ಅಂದ ಭಾವಮೈದ. ಕುದುರೆ ಎದುರಿಗೆ ಬಂದರೆ ಅವನು ರಸ್ತೆ ದಾಟಿ ಓಡುವ ಪೈಕಿ.

ಅವಳು ಗೋಡೆಗೆ ಒರಗಿ ನಿಂತು ಹಲ್ಲು ಕಚ್ಚಿದಳು. 'ಗ್ರಂಥಾಲಯವಂತೆ, ಕುದುರೆಯಂತೆ! ನಾಲ್ಕನೇ ಗ್ಲಾಸಲ್ಲಿ ಸುಟ್ಟ ರಬ್ಬರ್ ನಾತ ಹೊಡೀತಿದೆ. ಅದೊಂದು ಬಿಟ್ಟು ಊರೆಲ್ಲ ಸಿಗ್ತಿದೆ ಇವರಿಗೆ!'

ಮೂಗುದೊರೆ ಒಂದೊಂದೇ ಗುಟುಕು ಹಾಕಿ ಉಗುಳಿದ. ಗಂಟಲು ಸರಿಮಾಡಿಕೊಂಡ.

"ಮೊದಲನೇದು ಚೆನ್ನಾಗಿದೆ. ಎರಡು, ಮೂರು ಸಪ್ಪೆ. ನಾಲ್ಕನೇದು... ಎಡವಟ್ಟಾಗಿದೆ. ಬೇಡ."

ಅವಳು ಗೋಡೆ ಬಿಟ್ಟು ನೆಟ್ಟಗೆ ನಿಂತಳು. ಅಕ್ಷರಕ್ಕೆ ಅಕ್ಷರ ಅವಳ ತೀರ್ಮಾನ!

* * *

ಒಂದು ಸಲವಾದರೆ ಕುರುಡು ಅದೃಷ್ಟ ಅನ್ನಬಹುದು. ವಾರದ ಮೇಲೆ ವಾರ ಹಾಗೇ ಆಯಿತು. ಅವಳಿಗೆ ಹಿಡಿಸಿದ್ದು ಅವನಿಗೂ ಹಿಡಿಸುತ್ತಿತ್ತು. ಅವಳು ಒಳಗೊಳಗೇ ಛೀಮಾರಿ ಹಾಕಿದ್ದನ್ನು ಅವನು ಎಲ್ಲರೆದುರು "ಬೇಡ" ಅನ್ನುತ್ತಿದ್ದ. ಗ್ರಂಥಾಲಯ, ಕುದುರೆ ಅಂತೆಲ್ಲ ಬೊಗಳೆ ಇಲ್ಲ. ಎರಡು ಮಾತು, ಮುಗಿಯಿತು.

ಆದರೆ ಆ ನೋಟ ಮಾತ್ರ ತಪ್ಪಲಿಲ್ಲ. ಅವಳು ಗ್ಲಾಸ್ ಎತ್ತಿದರೆ ಸಾಕು, ಅವನ ಕಣ್ಣು ಅವಳ ಮುಖದ ಮೇಲೆ.

"ಮೂಗಿನ ಮೇಲೆ ಸಿಟ್ಟು ಇಟ್ಕೊಂಡು ಓಡಾಡೋಳು ನೀನು. ನಿನ್ನನ್ನೂ ನೋಡೋನು ಒಬ್ಬ ಇದ್ದಾನಲ್ಲ, ಪುಣ್ಯಾತ್ಮ!" ಎಂದು ಹೊಲಿಗೆ ಮೆಷಿನ್ ತುಳಿಯುತ್ತಲೇ ಅಕ್ಕ ನಕ್ಕಳು. ಅಕ್ಕ ಭಾವನ ಮನೆಯಲ್ಲೇ ಅವಳ ವಾಸ.

"ಸುಮ್ನಿರೇ ಅಕ್ಕ. ಸೊಕ್ಕು ಅವನಿಗೆ. ಗ್ಲಾಸ್ ತೊಳೆಯೋಳು ತನ್ನ ಸೇವೆ ಮಾಡೋದನ್ನ ನೋಡಿ ಖುಷಿಪಡ್ತಾನೆ ಅಷ್ಟೇ."

"ಹಾಗಿದ್ರೆ ನೀನ್ಯಾಕೆ ಕೆಂಪಾಗ್ತಿದ್ದೀಯ?"

"ಉರಿ! ಮೈಯೆಲ್ಲ ಉರಿ!"

ಉರಿಯೋ ಏನೋ, ಮಾರನೆಯ ದಿನ ಅವಳು ಕನ್ನಡಿಯ ಮುಂದೆ ಎರಡು ನಿಮಿಷ ಜಾಸ್ತಿ ನಿಂತಳು. ಸೆಂಟು ಪೌಡರ್ ಹಾಕುವಂತಿಲ್ಲ, ರುಚಿಕೋಣೆಗೆ ನಿಷೇಧ. ಕೂದಲನ್ನಾದರೂ ಬೇರೆ ಥರ ಕಟ್ಟಿದಳು.

ಒಂದು ಮಧ್ಯಾಹ್ನ ಆಫೀಸಿನ ಅಡುಗೆ ಮೂಲೆಯಿಂದ ಸುಟ್ಟ ಹಾಲಿನ ವಾಸನೆ ಕಾರಿಡಾರ್ ತುಂಬ ಹರಡಿತು. ಅವಳು ಓಡಿಬಂದು ನೋಡುತ್ತಾಳೆ, ಒಲೆಯ ಮೇಲೆ ಪಾತ್ರೆ ಕರ್ರಗಾಗಿದೆ. ಪಕ್ಕದಲ್ಲೇ ಮೂಗುದೊರೆ, ಬೆನ್ನು ಹಾಕಿ ನಿಂತು, ನೆಮ್ಮದಿಯಾಗಿ ಪೇಪರ್ ಓದುತ್ತಿದ್ದಾನೆ!

"ಅಯ್ಯೋ ದೇವರೇ! ಏನ್ ಸಾರ್ ಇದು? ಮನೆಗೇ ಬೆಂಕಿ ಬಿದ್ರೂ ಪೇಪರ್ ಮುಗಿಸಿಯೇ ಏಳ್ತೀರೇನೋ!"

ಅವನು ಬೆಚ್ಚಿ ತಿರುಗಿದ. ಪಾತ್ರೆ ನೋಡಿದ. ಮುಖ ಬಿಳುಚಿಕೊಂಡಿತು. "ಸಾರಿ... ಗಮನ ಎಲ್ಲೋ ಇತ್ತು."

"ಗಮನ ಎಲ್ಲಿರುತ್ತೆ ಅಂತ ನನಗೆ ಗೊತ್ತು ಬಿಡಿ!" ಬಾಯಿ ಜಾರಿತು. ಅವಳು ನಾಲಿಗೆ ಕಚ್ಚಿಕೊಂಡು ಪಾತ್ರೆ ಉಜ್ಜತೊಡಗಿದಳು.

ಅವನು ಅವಳ ಕೈಯಿಂದ ಪಾತ್ರೆ ತೆಗೆದುಕೊಂಡ. "ಸುಟ್ಟಿದ್ದು ನಾನು, ಉಜ್ಜೋದೂ ನಾನೇ." ಸ್ವಲ್ಪ ಹೊತ್ತು ಉಜ್ಜಿ, ತಲೆಯೆತ್ತದೆ ಕೇಳಿದ. "ಆ ಕೋಣೆಯಲ್ಲಿ ನೀವು ಯಾಕೆ ಏನೂ ಮಾತಾಡಲ್ಲ?"

"ನನಗೆ ಕುರ್ಚಿ ಇಲ್ಲ ಸಾರ್. ನಿಂತವರಿಗೆ ಅಲ್ಲಿ ಬಾಯಿ ಇರಲ್ಲ."

"ಕುರ್ಚಿ ಬೇಕಾ?"

ಅವಳಿಗೆ ನಗು ಬಂತು, ಕಹಿ ನಗು. "ನೀವು ಕೂತಿದ್ದೀರಲ್ಲ, ಅದೇ ನನಗೆ ಸಿಗಬೇಕಾಗಿದ್ದ ಕುರ್ಚಿ. ಬೇಕಾ ಅಂತ ಬೇರೆ ಕೇಳ್ತೀರಲ್ಲ, ಒಳ್ಳೇ ತಮಾಷೆ!"

ಅವನು ಪಾತ್ರೆ ಕೆಳಗಿಟ್ಟ. ಅವಳನ್ನು ನೋಡಿದ. ಸೊಕ್ಕು ಎಲ್ಲೂ ಕಾಣಲಿಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದವನ ಕಣ್ಣು ಅದು. "ನನಗೆ ಗೊತ್ತಿರಲಿಲ್ಲ," ಅಂದ. ಎಷ್ಟು ಮೆತ್ತಗೆ ಅಂದನೆಂದರೆ, ಅವಳಿಗೆ ರೆಡಿ ಮಾಡಿಟ್ಟುಕೊಂಡಿದ್ದ ಬೈಗುಳವೆಲ್ಲ ಮರೆತುಹೋಯಿತು.

ಆಮೇಲೆ ದಿನಾ ಆ ಅಡುಗೆ ಮೂಲೆಯಲ್ಲಿ ಹತ್ತು ನಿಮಿಷ ಮಾತು. ಮೆಟ್ಟಿಲ ಮೇಲೆ ಐದು ನಿಮಿಷ. ಅವಳು ಡಾಕ್ಟರನ್ನು ಅಣಕಿಸಿದರೆ ಅವನು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ಅವಳಿಗೆ ಒಳಗೆಲ್ಲೋ ನಂಬಿಕೆ ಹುಟ್ಟಿತು... ಈ ಲೋಕದಲ್ಲಿ ನನ್ನ ಹಾಗೇ ಮೂಸುವ ಮನುಷ್ಯ ಒಬ್ಬನಿದ್ದಾನೆ. ಎಂಟು ವರ್ಷ ಯಾರೂ ಕೇಳದಿದ್ದ ನನ್ನ ಮಾತು ಇವನ ಬಾಯಿಂದ ತಾನೇ ತಾನಾಗಿ ಬರ್ತಿದೆ. ಇದು ಪ್ರೀತಿ ಅಲ್ಲದಿದ್ದರೆ ಇನ್ನೇನು?

* * *

ಹತ್ತನೆಯ ವಾರ ಕಂಪನಿಯ ಬೆಳ್ಳಿಹಬ್ಬದ ವಿಸ್ಕಿ ಆರಿಸುವ ದಿನ ಬಂತು. ಐದು ಪೀಪಾಯಿ, ಐದು ಗ್ಲಾಸ್. ಆರಿಸಬೇಕಾಗಿದ್ದು ಒಂದೇ.

ಒಂದು, ಎರಡು ಮೂಸಿ ಮುಚ್ಚಳ ಇಟ್ಟಳು. ಹೇಳಿಕೊಳ್ಳುವಂಥವೇನಲ್ಲ. ಮೂರನೆಯ ಗ್ಲಾಸ್ ಎತ್ತಿದಳು.

ಅಪ್ಪ!

ಮರಗೆಲಸದ ಅಪ್ಪ. ಆಗಷ್ಟೇ ಕೊಯ್ದ ಮರದ ಹೊಟ್ಟು, ಜೇನುಮೇಣದ ಪಾಲಿಶ್, ಜೊತೆಗೆ ಸೇಬು... ಮಧ್ಯಾಹ್ನದ ಹೊತ್ತು ಪಾಲಿಶ್ ಅಂಟಿದ ಚಾಕುವಿನಲ್ಲೇ ಸೇಬು ಹೆಚ್ಚಿ "ತಗೋ ಮಗಳೇ, ಸ್ವಲ್ಪ ಮೇಣ ಹೊಟ್ಟೆಗೆ ಹೋದ್ರೂ ಮಿರಮಿರ ಹೊಳೀತೀಯ" ಅನ್ನುತ್ತಿದ್ದ ಅಪ್ಪ. ಅವರು ಹೋಗಿ ಹನ್ನೆರಡು ವರ್ಷ. ಯಾವ ಫೋಟೋದಲ್ಲೂ ಅವಳಿಗೆ ಅವರು ಇಷ್ಟು ಹತ್ತಿರ ಸಿಕ್ಕಿರಲಿಲ್ಲ.

ಅವಳ ಮುಖ ಹಿಂಡಿಹೋಯಿತು. ತುಟಿ ನಡುಗಿತು. ಎರಡು ಹನಿ ಕೆನ್ನೆಗಿಳಿದವು. ಯಾರಿಗೂ ಕಾಣದಂತೆ ಹೆಗಲಿಗೆ ಒರೆಸಿಕೊಂಡು, ಮುಚ್ಚಳ ಇಟ್ಟು, ನಾಲ್ಕು ಐದನ್ನೂ ಮೂಸಿ ಹಿಂದೆ ಸರಿದಳು.

'ಮೂರನೇದು... ಎಂಟು ವರ್ಷದಲ್ಲಿ ಇಂಥದ್ದು ಬಂದಿಲ್ಲ. ಅವನು ಹೇಳ್ತಾನೆ. ಈಗ ಹೇಳ್ತಾನೆ ನೋಡು...'

ಮೂಗುದೊರೆ ಎಲ್ಲವನ್ನೂ ಗುಟುಕರಿಸಿದ. "ಐದನೇದು ತಗೋಬಹುದು. ಮೂರನೇದು ಮಾತ್ರ ಬೇಡ. ಪೂರ್ತಿ ಕೆಟ್ಟಿದೆ."

"ನಾನೂ ಅದನ್ನೇ ಹೇಳೋಣ ಅಂತಿದ್ದೆ," ಎಂದ ಭಾವಮೈದ ತಕ್ಷಣ. ಅವನು ಇನ್ನೂ ಮೂರನೆಯದರ ಮುಚ್ಚಳವನ್ನೇ ತೆಗೆದಿರಲಿಲ್ಲ.

"ಇಲ್ಲ!"

ಎಲ್ಲರೂ ತಿರುಗಿದರು. ಗೋಡೆ ಮಾತಾಡಿದ್ದರೂ ಅವರಿಗೆ ಅಷ್ಟು ಆಶ್ಚರ್ಯ ಆಗುತ್ತಿರಲಿಲ್ಲವೇನೋ.

"ಅದು ಕೆಟ್ಟಿಲ್ಲ! ಇವತ್ತಿನದರಲ್ಲಿ ಅದೇ ಚೆನ್ನಾಗಿರೋದು. ಇವತ್ತೇನು, ಈ ಮೇಜಿಗೆ ಬಂದದ್ದರಲ್ಲೆಲ್ಲ ಅದೇ!"

"ಏನಮ್ಮಾ ಗ್ಲಾಸಮ್ಮ, ನಿನಗೂ ಮೂಗು ಬಂತಾ?" ಭಾವಮೈದ ಮೇಜು ಬಡಿದು ನಕ್ಕ. ಯಜಮಾನರ ಹುಬ್ಬು ಗಂಟಾಯಿತು. ಡಾಕ್ಟರ್ "ಶಿಸ್ತು! ಶಿಸ್ತು ಇಲ್ಲ!" ಎಂದು ಗೊಣಗತೊಡಗಿದರು.

ಈ ಗದ್ದಲದ ನಡುವೆ ಮೂಗುದೊರೆ ಮೇಲೆದ್ದು ಅವಳ ಹತ್ತಿರ ಬಂದ. ಹಣೆಯ ಮೇಲೆ ಬೆವರು. ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಗಾಬರಿಯಲ್ಲಿ ಕೇಳಿದ.

"ಹಾಗಿದ್ರೆ... ನೀವ್ಯಾಕೆ ಅತ್ತಿರಿ?"

ಅವಳು ಅವನನ್ನೇ ನೋಡುತ್ತ ನಿಂತಳು. ಒಂದು ಕ್ಷಣ ಅರ್ಥವಾಗಲಿಲ್ಲ. ಮರುಕ್ಷಣ ಎಲ್ಲ ಅರ್ಥವಾಯಿತು! ಗ್ಲಾಸ್ ಎತ್ತಿದಾಗಲೆಲ್ಲ ಆ ನೋಟ... ಅಕ್ಷರಕ್ಕೆ ಅಕ್ಷರ ಅವಳದೇ ತೀರ್ಪು... ಸುಟ್ಟ ಹಾಲಿನ ಪಕ್ಕ ನೆಮ್ಮದಿಯಾಗಿ ಓದುತ್ತಿದ್ದ ಪೇಪರ್...

'ಇವನು ಮೂಸ್ತಾ ಇರಲಿಲ್ಲ. ನನ್ನ ಮುಖ ಓದ್ತಾ ಇದ್ದ!'

* * *

ಐದು ನಿಮಿಷದ ನಂತರ ಅಡುಗೆ ಮೂಲೆಯಲ್ಲಿ ಅವಳು ಫಿನಾಯಿಲ್ ಬಾಟಲಿಯ ಮುಚ್ಚಳ ತೆಗೆದು ಅವನ ಮೂಗಿನ ಕೆಳಗೆ ಹಿಡಿದಿದ್ದಳು. ಅವಳಿಗೇ ಕಣ್ಣು ಉರಿಯುತ್ತಿತ್ತು.

"ಹೇಳಿ ದೊರೆಗಳೇ, ಏನಿದು? ಗ್ರಂಥಾಲಯಾನಾ? ಕುದುರೇನಾ?"

ಅವನು ತಲೆ ತಗ್ಗಿಸಿದ. "ಬೇಡ. ಗೊತ್ತಾಗಲ್ಲ. ಹತ್ತು ತಿಂಗಳಾಯ್ತು... ಒಂದು ಜ್ವರ ಬಂತು. ಎದ್ದಾಗ ಮೂಗು ಹೋಗಿತ್ತು. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂದ್ಕೊಂಡೆ. ಈ ಕೆಲಸ ಬಿಟ್ಟು ನನಗೆ ಬೇರೇನೂ ಬರಲ್ಲ. ಮೊದಲ ದಿನ ಇಲ್ಲಿಗೆ ಬಂದಾಗ ನಡುಗ್ತಾ ಕೂತಿದ್ದೆ. ನೀವು ಗ್ಲಾಸ್ ಎತ್ತಿದ್ರಿ. ನಿಮ್ಮ ಮುಖದಲ್ಲಿ ಎಲ್ಲಾ ಬರೆದಿತ್ತು..."

"ಓದಿಕೊಂಡ್ರಿ!"

"ಓದಿಕೊಂಡೆ."

"ಕಳ್ಳ!" ಅವಳ ಧ್ವನಿ ಒಡೆಯಿತು. "ನನ್ನ ಕುರ್ಚಿ ಕದ್ದಿದ್ದು ಸಾಲದು ಅಂತ ನನ್ನ ಮೂಗನ್ನೂ ಕದ್ರಿ. ಆ ಭಾವಮೈದನಾದ್ರೂ ವಾಸಿ, ತನ್ನ ಸ್ವಂತ ಮೂಗಿಂದ ತಪ್ಪು ಹೇಳ್ತಾನೆ!"

"ಒಪ್ಪಿದೆ. ಆದ್ರೆ ನಿಮ್ಮನ್ನ ನೋಡಿದ್ದು... ಮೊದಲು ಅದಕ್ಕೇ ಇರಬಹುದು. ಆಮೇಲೆ..."

"ಸಾಕು! ನಿಮಗೆ ಬೇಕಾಗಿದ್ದು ಮೂಗು. ಮೂಗಿನ ಹಿಂದೆ ಒಬ್ಬ ಹೆಂಗಸು ಅಂಟಿಕೊಂಡು ಬಂದ್ಲು, ಅಷ್ಟೇ!"

ಅವಳು ಬಾಟಲಿ ಕುಕ್ಕಿ ಹೊರಟಳು. ಕಾರಿಡಾರಿನಲ್ಲಿ ಯಜಮಾನರು ಕಾದು ನಿಂತಿದ್ದರು.

"ನಾಳೆ ಬೆಳಿಗ್ಗೆ ಹತ್ತಕ್ಕೆ ಮತ್ತೆ ಕೂರ್ತೀವಿ. ಅದೇ ಐದು. ನಂಬರ್ ನಾನೇ ಅದಲುಬದಲು ಮಾಡಿರ್ತೀನಿ. ನಮ್ಮ ಮುಖ್ಯ ರುಚಿಗಾರರು ಮತ್ತೆ ಅದನ್ನೇ ಕೆಟ್ಟಿದೆ ಅಂದ್ರೆ ನೀನು ಗ್ಲಾಸ್ ತೊಳೆಯೋಕೂ ಬರಬೇಡ. ಬಾಯಿ ಜಾಸ್ತಿಯಾಗಿದೆ ನಿನಗೆ!"

* * *

"ಇಷ್ಟೇ ತಾನೆ? ಆ ಗ್ಲಾಸ್ ಬಂದಾಗ ಒಂದು ನಗು ನಕ್ಕುಬಿಡು. ಅವನು ನೋಡ್ಕೊಂಡು 'ಇದೇ ಚೆನ್ನಾಗಿದೆ' ಅಂತಾನೆ. ಕೆಲಸ ಉಳಿಯುತ್ತೆ," ಅಂದಳು ಅಕ್ಕ ಸಂಜೆ, ಕತೆಯೆಲ್ಲ ಕೇಳಿ.

"ಸತ್ತರೂ ಇಲ್ಲ! ನನ್ನ ಮುಖ ಇನ್ನು ಅವನಿಗೆ ಪುಕ್ಕಟೆ ಪುಸ್ತಕ ಅಲ್ಲ. ಕಲ್ಲಿನ ಹಾಗೆ ಇಟ್ಕೋತೀನಿ. ಹೋದ್ರೆ ಹೋಗಲಿ ಕೆಲಸ."

ಮಾತಿಗೆ ತಪ್ಪುವವಳಲ್ಲ ಅವಳು. ಮಾರನೆಯ ಬೆಳಿಗ್ಗೆ ಐದು ಗ್ಲಾಸ್ ಸುರಿದು, ಮುಖ ಬಿಗಿದು, ಮೊದಲನೆಯದಕ್ಕೆ ಕೈ ಹಾಕಿದಳು.

ಆಗ ಕರ್ರೆಂದು ಕುರ್ಚಿ ಎಳೆದ ಸದ್ದು.

ಮೂಗುದೊರೆ ತನ್ನ ಕುರ್ಚಿಯನ್ನು ಪೂರ್ತಿ ತಿರುಗಿಸಿದ್ದ. ಗೋಡೆಗೆ ಮುಖ, ಮೇಜಿಗೆ ಬೆನ್ನು. ಅವಳು ಕಾಣುವ ಮಾತೇ ಇಲ್ಲ.

"ಇದೇನ್ರೀ ಇದು ಹೊಸ ಪದ್ಧತಿ?" ಯಜಮಾನರು ಕೇಳಿದರು.

"ಹೀಗೆ ಕೂತರೆ ನನಗೆ ಏನೂ ಗೊತ್ತಾಗಲ್ಲ ಸಾರ್. ನಿಮಗೆ ಅದನ್ನೇ ತೋರಿಸ್ಬೇಕಿತ್ತು." ಗೋಡೆಗೇ ಹೇಳುತ್ತಿದ್ದ. ಧ್ವನಿ ಮಾತ್ರ ನಡುಗಲಿಲ್ಲ. "ನನಗೆ ವಾಸನೆ ಬರಲ್ಲ. ಹತ್ತು ತಿಂಗಳಿಂದ. ಈ ಹತ್ತು ವಾರ ಇಲ್ಲಿ ನಾನು ಹೇಳಿದ್ದೆಲ್ಲ ಅವರದು. ಅವರು ಮೂಸುವಾಗ ಮುಖ ನೋಡಿ ಹೇಳ್ತಿದ್ದೆ. ನಿನ್ನೆ ಅವರ ಕಣ್ಣಲ್ಲಿ ನೀರು ಬಂತು. ವಿಸ್ಕಿ ಕೆಟ್ಟಿದೆ ಅಂದ್ಕೊಂಡೆ. ಒಳ್ಳೇದಕ್ಕೂ ಅಳ್ತಾರೆ ಅನ್ನೋದು ನನ್ನ ದಡ್ಡ ತಲೆಗೆ ಹೊಳೀಲಿಲ್ಲ. ತಪ್ಪು ನನ್ನದು. ಕುರ್ಚಿ ಅವರದು."

ಎದ್ದ. ಕುರ್ಚಿಯನ್ನು ಮತ್ತೆ ಮೇಜಿನತ್ತ ತಿರುಗಿಸಿ, ಅವಳ ಕಡೆ ನೋಡದೆ, ಒಂದು ಹೆಜ್ಜೆ ಹಿಂದೆ ಸರಿದು ನಿಂತ.

ಕಾಲು ತಾನಾಗಿ ನಡೆದು, ಅವಳು ಹೋಗಿ ಆ ಕುರ್ಚಿಯಲ್ಲಿ ಕೂತಳು. ಎಂಟು ವರ್ಷದಲ್ಲಿ ಮೊದಲ ಸಲ ಆ ಮೇಜು ಅವಳಿಗೆ ಕೂತ ಎತ್ತರದಿಂದ ಕಂಡಿತು. ಒಂದೊಂದೇ ಮೂಸಿದಳು. ಎರಡೆರಡು ಹನಿ ನೀರು ಹಾಕಿ ಮತ್ತೆ ಮೂಸಿದಳು. ಗುಟುಕರಿಸಿ ಉಗುಳಿದಳು.

"ಒಂದು, ಬರೀ ಸಿಹಿ, ಬೇಗ ಬೇಜಾರಾಗುತ್ತೆ. ಎರಡು, ಪೀಪಾಯಿ ಹಳೇದಾಗಿ ಸವೆದಿದೆ, ನೀರು ನೀರು. ಮೂರರಲ್ಲಿ ಹೊಗೆ ಇದೆ, ಹೊಗೆ ಬಿಟ್ರೆ ಏನೂ ಇಲ್ಲ. ಐದು ಪರವಾಗಿಲ್ಲ, ನಿನ್ನೆ ನೀವು ಆರಿಸಿದ್ದು ಇದೇ, ಇದರ ನಂಬರ್ ಮಾತ್ರ ಬದಲಾಗಿಲ್ಲ. ನಾಲ್ಕು..." ಉಸಿರೆಳೆದುಕೊಂಡಳು. "ನಾಲ್ಕು ನಿನ್ನೆಯ ಮೂರನೇ ಗ್ಲಾಸ್. ಹೊಸ ಮರ, ಜೇನುಮೇಣ, ಸೇಬು. ಉಗುಳಿದ ಮೇಲೂ ತುಂಬಾ ಹೊತ್ತು ಬಾಯಲ್ಲಿ ನಿಲ್ಲುತ್ತೆ. ಬೆಳ್ಳಿಹಬ್ಬಕ್ಕೆ ಇದನ್ನ ಬಿಟ್ಟು ಬೇರೆ ಕೊಂಡ್ರೆ ನಿಮ್ಮಂಥ ಮೂರ್ಖರು ಇನ್ನೊಬ್ಬರಿಲ್ಲ ಸಾರ್."

ಯಜಮಾನರು ಪ್ರತಿ ನಂಬರಿನ ಪೀಪಾಯಿಯ ವಿವರ ಬರೆದಿದ್ದ ಚೀಟಿಯನ್ನು ಜೇಬಿನಿಂದ ತೆಗೆದು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಐದಕ್ಕೆ ಐದೂ ಸರಿ!

"ನನಗೆ ನಿನ್ನೆಯೇ ಅನ್ನಿಸಿತ್ತು ಭಾವ," ಎಂದ ಭಾವಮೈದ.

ಅವಳು ತಿರುಗಿದಳು. ಗೋಡೆಯ ಬಳಿ ಯಾರೂ ಇರಲಿಲ್ಲ. ಕ್ಷಮಿಸಿ ಅಂತಲೂ ಹೇಳದೆ, ಹೊಗಳಿಕೆಗೂ ಕಾಯದೆ ಅವನು ಹೊರಟುಹೋಗಿದ್ದ.

* * *

ಕುರ್ಚಿ ಸಿಕ್ಕಿತು. ಸಂಬಳ ಏರಿತು. 'ಗ್ಲಾಸಮ್ಮ' ಅನ್ನುತ್ತಿದ್ದ ಬಾಯಿಗಳೇ 'ಮೇಡಂ' ಅನ್ನತೊಡಗಿದವು. ಡಾಕ್ಟರ್ ಗ್ರಂಥಾಲಯದ ಸುದ್ದಿ ಎತ್ತುವ ಮೊದಲು ಅವಳ ಕಡೆ ಒಮ್ಮೆ ಹೆದರಿ ನೋಡುತ್ತಿದ್ದರು.

ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ! ಈಗ ಎಲ್ಲರೂ ಅವಳ ಮಾತು ಕೇಳಿ ಬರೆದುಕೊಳ್ಳುತ್ತಿದ್ದರು. ಆದರೆ ತಲೆಯೆತ್ತಿ ಅವಳ ಮುಖ ನೋಡುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

"ಕಳ್ಳ. ಸುಳ್ಳ. ಮೋಸಗಾರ," ಎಂದು ಅವಳು ಮೂರನೇ ವಾರವೂ ಜಪ ಮಾಡುತ್ತಿದ್ದುದನ್ನು ಕೇಳಿ ಅಕ್ಕ ಮೆಷಿನ್ ನಿಲ್ಲಿಸಿದಳು.

"ಬುದ್ಧಿ ಇದೆಯೇನೇ ನಿನಗೆ? ನಾನು ಮೂರು ದಿನ ಮಾತು ಬಿಟ್ಟು ಓಡಾಡಿದ್ರೂ ನಿಮ್ಮ ಭಾವನಿಗೆ ಗೊತ್ತಾಗಲ್ಲ. ನಾಲ್ಕನೇ ದಿನ 'ಉಪ್ಪು ಕಮ್ಮಿ' ಅಂತಾರೆ. ನಿನ್ನ ಮುಖದ ಒಂದೊಂದು ಗೆರೆ ಬಾಯಿಪಾಠ ಮಾಡಿದ ಗಂಡಸು ಅವನು. ಹತ್ತು ವಾರದಲ್ಲಿ ಒಂದೇ ಸಲ ತಪ್ಪಿದ. ತಪ್ಪು ಅಂತ ಗೊತ್ತಾದ ಮಾರನೇ ದಿನವೇ ಎಲ್ಲರೆದುರು ತನ್ನ ಅನ್ನ ತಾನೇ ಕಳ್ಕೊಂಡ. ಇನ್ನೇನು, ಉರುಳು ಹಾಕ್ಕೋಬೇಕಿತ್ತಾ?"

"ಅವನು ನೋಡಿದ್ದು ನನ್ನನ್ನಲ್ಲ ಅಕ್ಕ!"

"ಅವನನ್ನ ಕೇಳಿದ್ಯಾ? ಅರ್ಧದಲ್ಲೇ ಬಾಯಿ ಮುಚ್ಚಿಸಿ ಬಂದೆ ತಾನೆ? ಎಂಟು ವರ್ಷ ನಿನ್ನ ಬಾಯಿ ಮುಚ್ಚಿಸಿದ್ರು ಅಂತ ಊರಿಗೆಲ್ಲ ಕೇಳೋ ಹಾಗೆ ಅತ್ತೆ. ನೀನು ಮಾಡಿದ್ದೇನು?"

ಅವಳ ಜಪ ಆವತ್ತಿಗೆ ನಿಂತಿತು.

ಭಾನುವಾರ ಬೆಳಿಗ್ಗೆ ವಿಳಾಸ ಹುಡುಕಿಕೊಂಡು ಹೊರಟಳು. ಚೀಲದಲ್ಲಿ ಆ ಪೀಪಾಯಿಯ ಸ್ಯಾಂಪಲ್‌ನಲ್ಲಿ ಉಳಿದಿದ್ದ ಒಂದಿಷ್ಟು, ಎರಡು ಗ್ಲಾಸ್. ಚಪ್ಪಲಿ ಅಂಗಡಿಯ ಮೇಲೆ ಒಂಟಿ ಕೋಣೆ. ಬಾಗಿಲು ತೆರೆದೇ ಇತ್ತು. ಅವನು ಕಿಟಕಿಯ ಬಳಿ ಕೂತು ನಾಲ್ಕು ಪುಟ್ಟ ಶೀಶೆಗಳನ್ನು ಒಂದಾದ ಮೇಲೊಂದು ಮೂಸುತ್ತಿದ್ದ. ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ.

"ಮೂಗಿನ ಡಾಕ್ಟರ್ ಹೇಳಿದ್ದು," ಅಂದ, ಅವಳನ್ನು ಕಂಡು ಗಡಬಡಿಸಿ ಎದ್ದು. "ದಿನಾ ಎರಡು ಸಲ. ಬಂದ್ರೂ ಬರಬಹುದು, ಬರದೇನೂ ಇರಬಹುದು."

"ಏನಾದ್ರೂ ಬಂತಾ?"

"ಇಲ್ಲ."

"ಹೊಟ್ಟೆಪಾಡಿಗೆ?"

"ಕೆಳಗಿನ ಅಂಗಡಿಯ ಲೆಕ್ಕ ಬರೀತೀನಿ. ಚಪ್ಪಲಿ ಅಂಗಡಿಗೆ ಮೂಗಿಲ್ಲದವನೇ ವಾಸಿ ಅಂತೆ." ಅವನು ನಗಲು ನೋಡಿದ. ನಗು ಬರಲಿಲ್ಲ.

ಅವಳೂ ನಗಲಿಲ್ಲ. ಗ್ಲಾಸ್ ಇಟ್ಟು, ಸುರಿದು, ಒಂದನ್ನು ಅವನತ್ತ ತಳ್ಳಿದಳು. "ಕುಡೀರಿ. ನಿಮಗೆ ಏನು ಸಿಗುತ್ತೋ ಅದನ್ನ ಹೇಳಿ. ನನ್ನ ಮುಖ ನೋಡಿ ಹೇಳಿದ್ರೆ ಎದ್ದು ಹೋಗ್ತೀನಿ."

ಅವನು ಕಣ್ಣು ಮುಚ್ಚಿ ಒಂದು ಗುಟುಕು ಹಾಕಿದ. ನುಂಗಿದ. "ನಾಲಿಗೆ ತುದಿಯಲ್ಲಿ ಸ್ವಲ್ಪ ಸಿಹಿ. ಗಂಟಲಲ್ಲಿ ಉರಿ. ಎದೆಯಲ್ಲಿ ಬೆಚ್ಚಗೆ. ಅಷ್ಟೇ. ಮರ ಇಲ್ಲ, ಸೇಬು ಇಲ್ಲ, ಏನೂ ಇಲ್ಲ."

ತೀರಾ ಬಡ ವರ್ಣನೆ ಅದು. ಆದರೆ ಆ ರುಚಿಕೋಣೆಯಲ್ಲಿ ಎಂಟು ವರ್ಷ ಅವಳು ಕೇಳಿದ ಮಾತುಗಳಲ್ಲಿ ಇಷ್ಟು ನಿಜವಾದ ಮಾತು ಇನ್ನೊಂದಿರಲಿಲ್ಲ.

"ಆವತ್ತು ಏನೋ ಹೇಳೋಕೆ ಹೊರಟ್ರಿ. 'ಮೊದಲು ಅದಕ್ಕೇ ಇರಬಹುದು, ಆಮೇಲೆ' ಅಂತ. ಆಮೇಲೆ ಏನು?"

ಅವನು ಕಣ್ಣು ತೆರೆಯಲಿಲ್ಲ. "ಆಮೇಲೆ ಗ್ಲಾಸ್ ಇಲ್ಲದಾಗಲೂ ನೋಡ್ತಿದ್ದೆ. ಮೆಟ್ಟಿಲ ಮೇಲೆ, ಒಲೆ ಪಕ್ಕ... ಅಲ್ಲೆಲ್ಲ ಯಾವ ವಿಸ್ಕಿ ಇತ್ತು? ನಿಮಗೆ ಹೇಳ್ಬೇಕಿತ್ತು. ಹೇಳಿದ್ರೆ ಆ ಹತ್ತು ನಿಮಿಷವೂ ಹೋಗುತ್ತೆ ಅಂತ ಹೆದರಿದೆ. ಕೆಲಸ ಹೋಗುತ್ತೆ ಅನ್ನೋದಕ್ಕಿಂತ ಅದಕ್ಕೇ ಜಾಸ್ತಿ ಹೆದರಿದೆ."

ಕೆಳಗೆ ಅಂಗಡಿಯಲ್ಲಿ ಯಾರೋ ಚಪ್ಪಲಿಗೆ ಮೊಳೆ ಹೊಡೆಯುತ್ತಿದ್ದರು.

"ದಡ್ಡ!" ಅಂದಳು. "ಶತದಡ್ಡ! ಕಣ್ಣು ಬಿಟ್ಟು ನೋಡಿ ಈಗ. ಏನು ಬರೆದಿದೆ ಇಲ್ಲಿ?"

ಅವನು ಕಣ್ಣು ಬಿಟ್ಟ. ಅವಳ ಕೆನ್ನೆ ಒದ್ದೆಯಾಗಿತ್ತು. ಬಹಳ ಹೊತ್ತು ನೋಡಿ, ತಲೆ ಅಲ್ಲಾಡಿಸಿದ.

"ಇಲ್ಲ. ಮುಖ ನೋಡಿ ಊಹೆ ಮಾಡೋ ಕೆಲಸ ಬಿಟ್ಟೆ. ಕಣ್ಣೀರಿನ ವಿಷಯದಲ್ಲಂತೂ ನನ್ನನ್ನ ನಂಬಬೇಡಿ. ನೀವೇ ಹೇಳಿ."

"ನಾನೇ ಹೇಳ್ಬೇಕಾ? ಬಾಯಿಬಿಟ್ಟು?"

"ಹೂಂ. ಎಷ್ಟು ಹೊತ್ತಾದ್ರೂ ಕೇಳ್ತಾ ಕೂತಿರ್ತೀನಿ."

ಅವಳು ಗ್ಲಾಸ್ ಕೆಳಗಿಟ್ಟಳು. ಮೂಗು ಸೊರ್ರೆಂದು ಏರಿಸಿಕೊಂಡಳು. ನಾಚಿಕೆ, ಸಿಟ್ಟು, ಪ್ರೀತಿ ಎಲ್ಲ ಒಟ್ಟಿಗೇ ನುಗ್ಗಿ ಬಂದು, ಯಾವುದು ಮೊದಲು ಹೊರಬರಬೇಕೆಂದು ಜಗಳವಾಡಿದವು.

"ನೀನು ಕಳ್ಳ. ನೀನು ಸುಳ್ಳ. ಹಾಲು ಕಾಯಿಸೋಕೂ ಬರದ ಅಯೋಗ್ಯ," ಅಂದಳು. "ನನಗೆ ನೀನೇ ಬೇಕು ಕಣೋ."

ಅವನು ಗ್ಲಾಸ್ ಪಕ್ಕಕ್ಕಿಟ್ಟು ಮುಂದೆ ಬಾಗಿದ. ಕೇಳಿಸಲಿಲ್ಲವೇನೋ ಎಂದು ಅವಳಿಗೆ ಗಾಬರಿಯಾಯಿತು.

"ಕೇಳಿಸ್ತಾ?"

"ಕೇಳಿಸ್ತು," ಅಂದ ಅವನು. "ಇನ್ನೊಂದು ಸಲ ಹೇಳು."